ಬದನೆ ತಿಂದದ್ದು ನಮ್ಮೂರಿನದು, ದಾಸವಾಳ ಉಳಿಸಿದ್ದು ಆಸ್ಟ್ರೇಲಿಯಾದ್ದು: ಎಣ್ಮಕಜೆಯ ಒಂದು ಹಿತ್ತಿಲಿನ ಪ್ರಕರಣ

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಒಂದು ತೋಟದ ಮನೆಯಲ್ಲಿ ಬೇಸಗೆಯ ಆರಂಭಕ್ಕೆ ಎದ್ದ ಪ್ರಶ್ನೆ ಇದು: ಮನೆಯ ಸುತ್ತ ಎಲ್ಲಿ ನೋಡಿದರೂ ಗುಲಗಂಜಿ ಹುಳುಗಳು (ಇಂಗ್ಲಿಷಿನ ಲೇಡಿಬರ್ಡ್), ಮದ್ದು ಬಿಡಬೇಕೇ ಬೇಡವೇ? ಬಾಟಲಿ ಆಗಲೇ ಪೇಟೆಯಿಂದ ಬಂದಿತ್ತು. ಸಿಂಥೆಟಿಕ್ ಪೈರಿಥ್ರಾಯ್ಡ್ ಗುಂಪಿನದು, ಅಂದರೆ ಎದುರಿಗೆ ಸಿಕ್ಕಿದ ಕೀಟವನ್ನೆಲ್ಲ ಕೊಲ್ಲುವಂಥದ್ದು. ಸ್ಪ್ರೇಯರನ್ನೂ ತೊಳೆದು ಕೊಟ್ಟಿಗೆಯ ಮಾಡಿಗೆ ತೂಗಿಸಿದ್ದರು.

ಮನೆಯ ಹಿಂದೆ ಗೇರು ಗುಡ್ಡೆ, ಮುಂದೆ ತೋಡು, ನಡುವೆ ಅಡಿಕೆ ತೋಟ. ನೀರು ಸುರಂಗದ್ದು, ಅಂದರೆ ಗುಡ್ಡೆಯ ಒಳಕ್ಕೆ ಅಡ್ಡವಾಗಿ ಕೊರೆದು ಒರತೆ ಹಿಡಿದದ್ದು. ಅಂಗಳದ ಬದಿಯಲ್ಲಿ ದಾಸವಾಳದ ಬೇಲಿ, ಅದರಾಚೆ ಬೇಸಗೆ ತರಕಾರಿಯ ಸಾಲುಗಳು: ಬದನೆ, ಅಲಸಂಡೆ, ಬೆಂಡೆ, ಹಾಗಲ, ಸಿಹಿಗುಂಬಳ. ದರೆಯ ಅಂಚಿನಲ್ಲಿ ಹಸಿರೆಲೆ ಗೊಬ್ಬರಕ್ಕೆಂದು ಬೆಳೆಸಿದ ಗ್ಲಿರಿಸಿಡಿಯಾ ಮತ್ತು ಸುಬಾಬುಲ್. ಕಾಸರಗೋಡಿನ ಈ ಭಾಗದಲ್ಲಿ ಇಂಥ ಮನೆ ಬೇಕಾದಷ್ಟಿವೆ. ಈ ಪ್ರಕರಣವನ್ನು ಬರೆದಿಡುವುದಕ್ಕೆ ಅದೂ ಒಂದು ಕಾರಣ.

ಮನೆಯವರ ದೂರು ಮೂರು ಕಡೆಯದು. ಬದನೆ ಎಲೆ ಜಾಲರಿಯಾಗಿದೆ, ಅದರ ಮೇಲೆ ಕೆಂಪು ಹುಳು. ಅಲಸಂಡೆ ಚಪ್ಪರದಲ್ಲೂ ಕೆಂಪು ಹುಳು. ದಾಸವಾಳದ ಕೊಂಬೆಗಳಲ್ಲಿ ಬಿಳಿ ಹತ್ತಿಯಂಥದ್ದು ಹರಿದಾಡುತ್ತಿದೆ. ಮೂರೂ ಒಂದೇ ಹುಳುವಿನ ಕೆಲಸ ಎಂದು ಮಗ ತೀರ್ಮಾನಿಸಿದ್ದ. "ಒಂದೇ ಜಾತಿ ಅಲ್ವಾ ಮಾಷ್ಟ್ರೇ ಎಲ್ಲ? ಒಮ್ಮೆ ಸುತ್ತ ಬಿಟ್ರೆ ಮುಗೀತದೆ." ಅಮೆರಿಕದಲ್ಲಿರುವ ಮಗಳು ಫೋಟೋ ನೋಡಿ ಇನ್ನೂ ಗಾಬರಿ ಹುಟ್ಟಿಸಿದ್ದಳು: ಅಲ್ಲಿ ಇದೇ ತರದ್ದು ಚಳಿಗಾಲಕ್ಕೆ ಮುಂಚೆ ಮನೆಯೊಳಗೆ ನುಗ್ಗುತ್ತದೆ, ವ್ಯಾಕ್ಯೂಮ್ ಹಾಕಿ ತೆಗೆಯುತ್ತೇವೆ, ಬೆಳೆಯಲು ಬಿಡಬೇಡಿ ಎಂದು. ಮನೆಯ ಯಜಮಾನತಿ, ನಾನು ಅಕ್ಕ ಎಂದೇ ಕರೆಯುವವರು, ಇಬ್ಬರ ಮಾತಿಗೂ ಪೂರ್ತಿ ಒಪ್ಪಿರಲಿಲ್ಲ. "ಬದನೆ ಹೋದರೆ ಹೋಗ್ಲಿ ಮಾಷ್ಟ್ರೇ. ಸುರಂಗದ ಬಾಯಿ ಇಲ್ಲೇ ಉಂಟು. ನಂಗೆ ಮದ್ದು ಅಂದ್ರೆ ಧೈರ್ಯ ಇಲ್ಲ."

ಆ ಹೆದರಿಕೆಗೆ ಕಾರಣ ಕೇಳಬೇಕಾದ ಊರು ಇದಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಈ ಗುಡ್ಡೆಗಳ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಗೇರಿನ ಚಿಗುರು ಹೀರುವ ಟೀ ಸೊಳ್ಳೆಯನ್ನು ಕೊಲ್ಲಲು ಬಿಟ್ಟದ್ದು ತೋಡಿಗೆ, ಸುರಂಗಕ್ಕೆ, ಹಟ್ಟಿಗೆ, ಮನೆಗೆ ಬಂತು. ಸುಪ್ರೀಂ ಕೋರ್ಟು 2011ರ ಮೇ ತಿಂಗಳಲ್ಲಿ ಅದನ್ನು ದೇಶದಾದ್ಯಂತ ತಡೆಯುವ ಹೊತ್ತಿಗೆ ಇಲ್ಲಿ ಒಂದು ತಲೆಮಾರೇ ನರಳಿಯಾಗಿತ್ತು. ಆ ಸದ್ದು ಕೇಳಿ ಬೆಳೆದವರು ಅಕ್ಕ. ಅವರ ಹಿಂಜರಿಕೆಯನ್ನು ಹಳ್ಳಿಯವರ ಅಂಜಿಕೆ ಎಂದು ತಳ್ಳಿಹಾಕುವುದು ನನ್ನಿಂದಾಗದು. ಆದರೆ ಹೆದರಿಕೆಯೊಂದರಿಂದ ಬದನೆ ಉಳಿಯುವುದಿಲ್ಲ. ಯಾವ ಹುಳು ಏನು ತಿನ್ನುತ್ತಿದೆ ಎಂದು ಗಿಡಗಿಡವಾಗಿ ನೋಡದೆ ಬೇರೆ ದಾರಿ ಇರಲಿಲ್ಲ. ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದವ ಎಂದು ನನ್ನನ್ನು ಕರೆದದ್ದು ಅದಕ್ಕೆ.

ಬದನೆ ಸಾಲು

ಬದನೆ ಎಲೆಯನ್ನು ಮಗುಚಿದರೆ ಕತೆ ಪೂರ್ತಿ ಅಲ್ಲೇ ಇತ್ತು. ಎಲೆಯ ಹಸಿರನ್ನು ಅಡಿಯಿಂದ ಕೆರೆದು ತಿಂದು ಮೇಲಿನ ತೆಳು ಪೊರೆಯನ್ನಷ್ಟೇ ಬಿಟ್ಟಿದ್ದ ತೇಪೆಗಳು. ಪ್ರತಿ ತೇಪೆಯಲ್ಲೂ ಪಕ್ಕಪಕ್ಕದಲ್ಲಿ ಎಳೆದ ಗೆರೆಗಳು. ಹೊಸ ತೇಪೆ ಬೆಳಕಿಗೆ ಹಿಡಿದರೆ ಪಾರದರ್ಶಕ, ಹಳೆಯದು ಕಂದಾಗಿ ಒಣಗಿ ಉದುರಿ ನರ ಮಾತ್ರ ಉಳಿದಿತ್ತು. ತೇಪೆಯ ಅಂಚಿನಲ್ಲಿ ಹಳದಿ ಬಣ್ಣದ ಮರಿಹುಳುಗಳು, ಮೈತುಂಬ ಕವಲೊಡೆದ ಮುಳ್ಳು. ಮೇಲ್ಗಡೆ ಕೂತ ದೊಡ್ಡವು ಮಾಸಲು ಕಿತ್ತಳೆ, ಬೆನ್ನಿನಲ್ಲಿ 28ರ ತನಕ ಕರಿ ಚುಕ್ಕೆಗಳು. ಭೂತಗನ್ನಡಿಯಲ್ಲಿ ನೋಡಿದರೆ ಬೆನ್ನ ತುಂಬ ಮೋಟು ರೋಮ. ಆದ್ದರಿಂದಲೇ ಅದಕ್ಕೆ ಹೊಳಪಿಲ್ಲ. ಗಿಡ ಅಲುಗಿಸಿದರೆ ಹಾರುವುದಕ್ಕಿಂತ ಹೆಚ್ಚಾಗಿ ಕಾಲು ಮಡಚಿ ಕೆಳಗೆ ಬೀಳುತ್ತಿದ್ದವು.

ಇದು ಹೆನೊಸೆಪಿಲಾಕ್ನಾ. ಕೃಷಿಯವರು ಎಪಿಲಾಕ್ನಾ ದುಂಬಿ ಎನ್ನುತ್ತಾರೆ, ಉತ್ತರದ ಕಡೆ ಹಡ್ಡಾ. ಗುಲಗಂಜಿ ಹುಳುಗಳ ಕುಟುಂಬದ್ದೇ, ಆದರೆ ಎಲೆ ತಿನ್ನುವ ಕವಲು. ಬದನೆ, ಟೊಮೆಟೊ, ಬಟಾಟೆ, ಹಾಗಲ ಇದರ ಊಟ. ಮತ್ತು ಇದು ಯಾವ ದೇಶದಿಂದಲೂ ಬಂದದ್ದಲ್ಲ, ಉಷ್ಣವಲಯದ ಏಷ್ಯಾದ್ದು, ನಮ್ಮದೇ. ಹೊರದೇಶಗಳಿಗೂ ನುಸುಳಿದೆ: 2010ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಸಿಕ್ಕಾಗ ಅಲ್ಲಿಯವರಿಗೆ ಅದು ಹೊಸ ಪೀಡೆ.

ಹಾಗಾದರೆ ಬದನೆಯ ಮಟ್ಟಿಗೆ ಮಗ ಹೇಳಿದ್ದು ಸರಿ, ಗುಲಗಂಜಿ ಹುಳುವೇ ತಿಂದದ್ದು. ಆದರೆ ಅದೇ ಎಲೆಗಳಲ್ಲಿ ಇನ್ನೊಂದು ಸಂಗತಿ ಇತ್ತು, ಮನೆಯವರು ಯಾರೂ ಲೆಕ್ಕಕ್ಕೆ ಹಿಡಿಯದ್ದು. ಕೆಲವು ಮರಿಹುಳುಗಳು ಹಳದಿ ಬಿಟ್ಟು ಕಂದು ಬಣ್ಣಕ್ಕೆ ತಿರುಗಿ, ಉಬ್ಬಿ, ಎಲೆಗೆ ಅಂಟಿಕೊಂಡು ಗಟ್ಟಿಯಾಗಿದ್ದವು. ಒಂದೆರಡರ ಮೈಯಲ್ಲಿ ಸೂಜಿ ಚುಚ್ಚಿದಷ್ಟು ತೂತು. ಪೀಡಿಯೋಬಿಯಸ್ ಫೋವಿಯೋಲೇಟಸ್ ಎಂಬ ಸಣ್ಣ ಕಣಜದ ಕೆಲಸ ಇದು. ಮರಿಹುಳುವಿನ ಒಳಗೆ ಮೊಟ್ಟೆಯಿಡುತ್ತದೆ, ಅದರ ಮರಿಗಳು ಒಳಗಿನಿಂದ ತಿಂದು ಬೆಳೆದು ತೂತು ಕೊರೆದು ಹೊರಬರುತ್ತವೆ. ಒಂದೇ ಮರಿಹುಳುವಿನಿಂದ ಹತ್ತಾರು ಕಣಜ. ಅಮೆರಿಕದವರು ತಮ್ಮ ಬೀನ್ಸ್ ತಿನ್ನುವ ಎಪಿಲಾಕ್ನಾಕ್ಕೆ ಮದ್ದಾಗಿ 1960ರ ದಶಕದಲ್ಲಿ ಈ ಕಣಜವನ್ನು ಭಾರತದಿಂದ ಒಯ್ದರು. ಅಲ್ಲಿಯ ಚಳಿ ತಡೆಯದ ಕಾರಣ ಅವರು ವರ್ಷವರ್ಷವೂ ಸಾಕಿ ಬಿಡಬೇಕು. ನಮ್ಮಲ್ಲಿ ಯಾರೂ ಬಿಡದೆ ಬದನೆ ಸಾಲಿನಲ್ಲಿ ಕೆಲಸ ಮಾಡುತ್ತಿದೆ. ಸ್ಪ್ರೇಯರ್ ಹೊತ್ತಿದ್ದರೆ ಮೊದಲು ಸಾಯುತ್ತಿದ್ದದ್ದು ಇದು.

ಹುಳುಗಳ ಮೂಲ ಹಟ್ಟಿಯ ಹಿಂದೆ ಸಿಕ್ಕಿತು. ಅಲ್ಲೊಂದು ದೊಡ್ಡ ಕುದನೆ ಗಿಡ, ಗೊಜ್ಜಿಗೆಂದು ಉಳಿಸಿಕೊಂಡದ್ದು. ಕುದನೆಯೂ ಬದನೆಯ ಕುಟುಂಬದ್ದೇ. ತರಕಾರಿ ಸಾಲು ಇಲ್ಲದ ತಿಂಗಳುಗಳಲ್ಲಿ ಎಪಿಲಾಕ್ನಾ ಅಲ್ಲಿ ಸಂಸಾರ ನಡೆಸಿ, ಬದನೆ ನೆಟ್ಟ ಕೂಡಲೇ ಈಚೆ ಬರುತ್ತಿತ್ತು. ಕಡಿದು ಹಾಕುವ ಎಂದ ಮಗ. ಅಕ್ಕ ಬಿಡಲಿಲ್ಲ. ನಾನೂ ಅಕ್ಕನ ಪಕ್ಷ, ಕಾರಣ ಮಾತ್ರ ಬೇರೆ: ಆ ಗಿಡದಲ್ಲಿ ಕಂದುಗಟ್ಟಿದ ಮರಿಹುಳುಗಳು ಬದನೆಯಲ್ಲಿದ್ದುದಕ್ಕಿಂತ ಹೆಚ್ಚು ಕಂಡವು. ಹುಳುವಿನ ಜೊತೆಗೆ ಕಣಜವೂ ಮಳೆಗಾಲ ಕಳೆಯುವುದು ಅಲ್ಲೇ.

ಅಲಸಂಡೆ ಚಪ್ಪರ

ಇಲ್ಲಿ ಹೆಚ್ಚು ಹೊತ್ತು ಬೇಕಾಗಲಿಲ್ಲ. ಎಳೆಯ ಕುಡಿ ಮತ್ತು ಕಾಯಿಯ ತೊಟ್ಟಿನಲ್ಲಿ ಕಪ್ಪು ಹೇನು, ಗಿಡದ ರಸ ಹೀರುವ ಸಸ್ಯಹೇನು, ಮುತ್ತಿತ್ತು, ಹೇನಿನ ನಡುವೆ ಹೊಳೆಯುವ ಎರಡು ಬಗೆಯ ಹುಳುಗಳು. ಒಂದು ಕೈಲೋಮಿನಿಸ್ ಸೆಕ್ಸ್‌ಮ್ಯಾಕುಲೇಟಾ, ಹಳದಿಯಿಂದ ಕೆಂಪಿನವರೆಗೆ ಯಾವ ಬಣ್ಣವೂ ಆಗಬಹುದು, ಮೇಲೆ ಅಂಕುಡೊಂಕು ಕರಿ ಗೆರೆ. ಇನ್ನೊಂದು ಕಾಕ್ಸಿನೆಲ್ಲಾ ಟ್ರಾನ್ಸ್‌ವರ್ಸಾಲಿಸ್, ಗಾಢ ಕೆಂಪಿಗೆ ಅಡ್ಡ ಕರಿ ಪಟ್ಟೆ. ಎರಡೂ ನಾಡಿನವು, ಎರಡೂ ಹೇನು ತಿನ್ನುವವು. ಎಲೆಯಲ್ಲಿ ಕೆರೆದ ಗುರುತು ಒಂದೂ ಇರಲಿಲ್ಲ. ಕಪ್ಪು ಬೂದು ಮೈಗೆ ಬಿಳಿ ಚುಕ್ಕೆಯ ಉದ್ದನೆಯ ಮರಿಹುಳುಗಳು ಕುಡಿಯ ಮೇಲೆ ಓಡಾಡುತ್ತ ಹೇನನ್ನು ಕಚ್ಚಿ ಹಿಡಿದು ತಿನ್ನುತ್ತಿದ್ದವು. ಮೊಟ್ಟೆಯಿಂದ ರೆಕ್ಕೆಯ ಹುಳುವಾಗಲು ನಮ್ಮ ಬೇಸಗೆಯಲ್ಲಿ ಎರಡು ವಾರ ಚಿಲ್ಲರೆ ಸಾಕು, ಹೇನಿನ ಬೆಳವಣಿಗೆಯ ಜೊತೆ ಓಡುವ ಶಕ್ತಿ ಅವಕ್ಕೆ ಬಂದದ್ದು ಅದರಿಂದ.

ತೊಂದರೆ ಮೊಟ್ಟೆಯದ್ದು. ಎಪಿಲಾಕ್ನಾದ್ದೂ ಇವುಗಳದ್ದೂ ಹಳದಿ, ಎರಡನ್ನೂ ನೆಟ್ಟಗೆ ನಿಲ್ಲಿಸಿ ಗುಂಪಾಗಿ ಇಟ್ಟಿರುತ್ತವೆ. ಬದನೆಯಲ್ಲಿ ಹಿಸುಕುವ ಉತ್ಸಾಹ ಅಲಸಂಡೆಗೂ ಬಂದರೆ ನಷ್ಟ. ಮೊಟ್ಟೆಯ ಬಣ್ಣ ನೋಡಬೇಡಿ, ಅಕ್ಕಪಕ್ಕ ಕೆರೆದ ತೇಪೆ ಉಂಟೋ, ಹೇನು ಉಂಟೋ ಅದನ್ನು ನೋಡಿ ಎಂದು ಮನೆಯ ಹುಡುಗಿಗೆ ಹೇಳಿಕೊಟ್ಟೆ. ಅವಳ ಕಣ್ಣು ನನ್ನ ಕಣ್ಣಿಗಿಂತ ಚುರುಕು. ಒಂದನ್ನು ಹಿಡಿದಾಗ ಅವಳ ಬೆರಳಿಗೆ ಹಳದಿ ಹನಿ ಅಂಟಿತು, ಕಮಟು ವಾಸನೆ. ಹುಳು ಕಾಲಿನ ಗಂಟುಗಳಿಂದ ಬೇಕೆಂದೇ ಬಿಡುವ ರಕ್ತ ಅದು, ಅದರಲ್ಲಿ ಕಹಿ ಆಲ್ಕಲಾಯ್ಡ್‌ಗಳಿವೆ. ಹಕ್ಕಿ ಒಮ್ಮೆ ರುಚಿ ನೋಡಿದರೆ ಆಮೇಲೆ ಆ ಕೆಂಪು ಬಣ್ಣದ ಗೊಡವೆಗೆ ಬಾರದು. ಕೈ ತೊಳೆದರೆ ಆಯಿತು.

ದಾಸವಾಳದ ಬೇಲಿ

ಅಂಗಳದ ಬದಿಯ ದಾಸವಾಳದ ಚಿಗುರುಗಳೆಲ್ಲ ಮುರುಟಿದ್ದವು, ಕೊಂಬೆಯ ಕವಲುಗಳಲ್ಲಿ ಬಿಳಿ ಹಿಟ್ಟು. ಅದು ಹಿಟ್ಟು ತಿಗಣೆ, ದಾಸವಾಳಕ್ಕೆ ಹೇಳಿ ಮಾಡಿಸಿದ ಗುಲಾಬಿ ಜಾತಿಯದ್ದು. ಹಿಟ್ಟನ್ನು ಕಡ್ಡಿಯಿಂದ ಸರಿಸಿದರೆ ಒಳಗಿನ ಮೈ ನಸುಗೆಂಪು. ರಸ ಹೀರಿ ಸಿಹಿ ಅಂಟು ಹೊರಬಿಡುತ್ತದೆ, ಆ ಅಂಟಿಗೆ ಇರುವೆ ಸಾಲು, ಅಂಟು ಬಿದ್ದ ಎಲೆಗಳಲ್ಲಿ ಕಪ್ಪು ಬೂಷ್ಟು.

ಮನೆಯವರು ಹೆದರಿದ್ದು ಆ ತಿಗಣೆಯ ನಡುವೆ ಸರಸರನೆ ಹರಿದಾಡುತ್ತಿದ್ದ ದೊಡ್ಡ ಬಿಳಿ ಹುಳುಗಳಿಗೆ. ತಿಗಣೆಯೇ ಬೆಳೆದು ಇಷ್ಟು ದೊಡ್ಡದಾಗಿದೆ ಎಂದು ಅವರ ಎಣಿಕೆ. ಹಿಡಿಸೂಡಿ ಕಡ್ಡಿಯಿಂದ ಒಂದನ್ನು ಮುಟ್ಟಿದೆ. ತಿಗಣೆಯಾದರೆ ಕೂತಲ್ಲೇ ಕೂತಿರುತ್ತದೆ, ಇಲ್ಲವೇ ನಿಧಾನ ತೆವಳುತ್ತದೆ. ಇದು ಕೂಡಲೇ ತಿರುಗಿ ಕೊಂಬೆಯ ಹಿಂದಕ್ಕೆ ಓಡಿತು. ಮೇಣದ ಎಳೆಗಳು ಅಲ್ಲಲ್ಲಿ ಉದ್ದಕ್ಕೆ ಜೋತಿದ್ದವು; ಒರೆಸಿದಾಗ ಮಾಸಲು ಹಳದಿ ಮೈ, ಸ್ಪಷ್ಟವಾದ ಆರು ಕಾಲು, ಮುಂದೆ ತಲೆ. ಬೆಳೆದ ಮರಿ ಒಂದು ಸೆಂಟಿಮೀಟರಿಗೂ ಮಿಕ್ಕಿ ಉದ್ದ, ಯಾವ ಹಿಟ್ಟು ತಿಗಣೆಯೂ ಈ ಕೊಂಬೆಯಲ್ಲಿ ಅಷ್ಟು ಬೆಳೆಯುವುದಿಲ್ಲ. ನಾವು ನೋಡುತ್ತಿದ್ದಂತೆಯೇ ಇನ್ನೊಂದು, ತಿಗಣೆಯ ಮೊಟ್ಟೆ ಚೀಲಕ್ಕೆ ತಲೆ ಹುಗಿದು ತಿನ್ನುತ್ತಿತ್ತು. ಹತ್ತಿರದ ಒಣ ಎಲೆಯ ಸುರುಳಿಯಲ್ಲಿ ರೆಕ್ಕೆ ಬಂದವು ಸಿಕ್ಕವು: ನಾಲ್ಕು ಮಿಲಿಮೀಟರಿನಷ್ಟು, ಕಪ್ಪು ಬೆನ್ನು, ತಲೆ ಮತ್ತು ಕುತ್ತಿಗೆ ಕಂದು ಕಿತ್ತಳೆ, ಬೆನ್ನಿನ ತುದಿಯೂ ಅದೇ ಬಣ್ಣ. ಚುಕ್ಕೆ ಒಂದೂ ಇಲ್ಲ. ಮನೆಯವರು ಇವನ್ನು ಗುಲಗಂಜಿ ಹುಳು ಎಂದು ಲೆಕ್ಕ ಹಾಕಿರಲೇ ಇಲ್ಲ.

ಕ್ರಿಪ್ಟೊಲೀಮಸ್ ಮೊಂಟ್ರೂಜಿಯೇರಿ. ಆಸ್ಟ್ರೇಲಿಯಾದ್ದು. 1898ರಲ್ಲಿ ಕಾಫಿಯ ಹಸಿರು ಶಲ್ಕ ಕೀಟವನ್ನು (ಚಿಪ್ಪಿನಂತೆ ಅಂಟಿ ಕೂತು ರಸ ಹೀರುವಂಥದ್ದು) ಹತೋಟಿಗೆ ತರಲೆಂದು ದಕ್ಷಿಣ ಭಾರತಕ್ಕೆ ತಂದದ್ದು. ಕೀಟ ನಿಯಂತ್ರಣಕ್ಕೆಂದೇ ಈ ದೇಶಕ್ಕೆ ತಂದ ಮೊದಮೊದಲ ಜೀವಿಗಳಲ್ಲಿ ಇದೂ ಒಂದು. ಯಾವುದಕ್ಕೆ ತಂದರೋ ಆ ಕೆಲಸ ಆಗಲಿಲ್ಲ, ಹಸಿರು ಶಲ್ಕ ಕಾಫಿ ತೋಟದಲ್ಲಿ ಹಾಗೇ ಉಳಿಯಿತು. ಹುಳು ಮಾತ್ರ ಹಿಟ್ಟು ತಿಗಣೆಯ ಮೇಲೆ ಬದುಕು ಕಂಡುಕೊಂಡು ದಕ್ಷಿಣದಲ್ಲಿ ನೆಲೆನಿಂತಿತು. ಮುಂದೆ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ದ್ರಾಕ್ಷಿ, ಪೇರಳೆ, ನಿಂಬೆಯ ತಿಗಣೆಗೆ ಇದನ್ನು ಸಾಕಿ ಬಿಡುವ ಕ್ರಮ ಬೆಳೆಯಿತು. ಸಾಕುವುದಕ್ಕೆ ಬಳಸುವುದು ಸಿಹಿಗುಂಬಳ: ಕುಂಬಳಕಾಯಿಗೆ ತಿಗಣೆ ಹತ್ತಿಸಿ, ತಿಗಣೆಗೆ ಹುಳು ಬಿಡುತ್ತಾರೆ.

ಈ ಹುಳುವಿನ ಪಯಣದಲ್ಲಿ ನನ್ನನ್ನು ತುಂಬ ಹಿಡಿದ ಭಾಗ ಇನ್ನೊಂದಿದೆ. ಗುಲಾಬಿ ಹಿಟ್ಟು ತಿಗಣೆ 1990ರ ದಶಕದಲ್ಲಿ ಕೆರಿಬಿಯನ್ ದ್ವೀಪಗಳಿಗೆ ಹೋಗಿ ಗ್ರೆನಡಾದಲ್ಲಿ, ಟ್ರಿನಿಡಾಡಿನಲ್ಲಿ ದಾಸವಾಳದಿಂದ ತೇಗದವರೆಗೆ ಹಾಳುಗೆಡವಿತು. ಆಗ ಅಲ್ಲಿಯವರು ಭಾರತದಿಂದ ತರಿಸಿಕೊಂಡದ್ದು ಎರಡು ಹುಳು: ಅಪ್ಪಟ ಇಲ್ಲಿಯದೇ ಆದ ಸ್ಕಿಮ್ನಸ್ ಕಾಕ್ಸಿವೋರಾ, ಮತ್ತು ನೂರು ವರ್ಷ ಹಿಂದೆ ಆಸ್ಟ್ರೇಲಿಯಾದಿಂದ ಬಂದಿದ್ದ ಈ ಕ್ರಿಪ್ಟೊಲೀಮಸ್.

ದಾಸವಾಳದ ಅದೇ ಕೊಂಬೆಯಲ್ಲಿ ಇನ್ನೂ ಸಣ್ಣ, ಎರಡು ಮೂರು ಮಿಲಿಮೀಟರಿನ ಬಿಳಿ ಮರಿಗಳೂ ಇದ್ದವು. ಅವು ಸ್ಕಿಮ್ನಸ್ ಬಳಗದವು, ನಾಡಿನವು. ಆ ಬಳಗದ ಮರಿಗಳೂ ಮೇಣ ಹೊದೆಯುತ್ತವೆ. ಬಿಳಿ ಉಡುಗೆ ಕಂಡದ್ದೆಲ್ಲ ಆಸ್ಟ್ರೇಲಿಯಾದ್ದು ಎನ್ನುವಂತಿಲ್ಲ. ಎರಡೂ ಸೇರಿ ಕೆಲಸ ಮಾಡುತ್ತಿದ್ದವು, ಆದರೂ ತಿಗಣೆ ಕಡಿಮೆಯಾಗಿರಲಿಲ್ಲ. ತಡೆದು ನಿಲ್ಲಿಸಿದ್ದು ಇರುವೆ. ಸಿಹಿ ಅಂಟಿಗಾಗಿ ಇರುವೆಗಳು ತಿಗಣೆಯನ್ನು ಹಟ್ಟಿಯ ದನವೆಂಬಂತೆ ಕಾಯುತ್ತವೆ, ಹತ್ತಿರ ಬಂದ ಹುಳುವನ್ನು ಕಚ್ಚಿ ಓಡಿಸುತ್ತವೆ. ಮರಿಗಳ ಮೇಣ ಅವುಗಳ ಕಡಿತವನ್ನು ಸ್ವಲ್ಪ ತಡೆಯುತ್ತದೆ. ಮೊಟ್ಟೆಯಿಡಲು ಬರುವ ದೊಡ್ಡ ಹುಳುವಿಗೆ ಆ ರಕ್ಷಣೆಯೂ ಇಲ್ಲ. ಇರುವೆ ಸಾಲು ಎಲ್ಲಿಂದ ಬರುತ್ತದೆ ಎಂದು ಹಿಂಬಾಲಿಸಿದರೆ, ಬೇಲಿಗೆ ತಾಗಿಸಿ ಕಟ್ಟಿದ್ದ ಬಟ್ಟೆ ಒಣಗಿಸುವ ಹಗ್ಗ, ಗೋಡೆಗೆ ಒರಗಿದ ಎರಡು ಕೊಂಬೆ. ನನ್ನ ಮಟ್ಟಿಗೆ ಇಡೀ ಪ್ರಕರಣದ ಕೀಲಿ ಇದ್ದದ್ದು ಆ ಹಗ್ಗದಲ್ಲಿ.

ಉಳಿದ ಹುಳುಗಳು

ದರೆಯ ಸುಬಾಬುಲ್ ಮರದಲ್ಲಿ ಇನ್ನೊಂದು ಹೊರಗಿನದ್ದು ಸಿಕ್ಕಿತು: ಕ್ಯೂರಿನಸ್ ಸೆರೂಲಿಯಸ್, ಹೊಳೆಯುವ ಕಡುನೀಲಿ, ಭುಜದ ಎರಡು ಬದಿಗೆ ಕಿತ್ತಳೆ ಮಚ್ಚೆ. 1988ರಲ್ಲಿ ಸುಬಾಬುಲ್ ಚಿಗುರು ಹೀರುವ ಸಿಲ್ಲಿಡ್ ಕೀಟ ದೇಶಕ್ಕೆ ಬಂದಾಗ, ಅದರ ಬೆನ್ನಿಗೇ ಥಾಯ್ಲೆಂಡಿನಿಂದ ತರಿಸಿ ಬಿಟ್ಟದ್ದು ಇದನ್ನು. ಮೂಲ ನೆಲೆ ಅಮೆರಿಕ ಖಂಡದ ಕಡೆ.

ಸಿಹಿಗುಂಬಳದ ಎಲೆಯಲ್ಲಿದ್ದ ನಿಂಬೆ ಹಳದಿಯ ಪುಟ್ಟ ಹುಳುವಿಗೆ ಕೀಟವೂ ಬೇಡ, ಎಲೆಯೂ ಬೇಡ. ಇಲ್ಲೀಸ್ ಎಂಬ ಈ ನಾಡಿನ ಹುಳು ತಿನ್ನುವುದು ಎಲೆಯ ಮೇಲಿನ ಬೂದಿ ರೋಗದ ಶಿಲೀಂಧ್ರವನ್ನು. ರೋಗ ಗುಣಮಾಡುವಷ್ಟು ತಿನ್ನುತ್ತದೆ ಎನ್ನಲಾರೆ, ಹಾಳಂತೂ ಮಾಡುವುದಿಲ್ಲ.

ತೆಂಗಿನ ಸಸಿಯ ಗರಿಯಡಿ ಹಳದಿ ಶಲ್ಕ ಕೀಟ ಮುತ್ತಿದ ಕಡೆ ಗುಂಡಗೆ ಮಿರುಗುವ ಕರಿ ಹುಳುಗಳಿದ್ದವು. ಕೈಲೊಕೋರಸ್ ನಿಗ್ರಿಟಾ, ಭಾರತ ಮತ್ತು ಸಿಂಹಳದ್ದು. 1938ರಲ್ಲಿ ಸೇಶೆಲ್ಸ್ ದ್ವೀಪಗಳಿಗೆ ಕೊಂಡೊಯ್ದರು, ಅಲ್ಲಿಯ ತೆಂಗಿನ ಶಲ್ಕ ಹತೋಟಿಗೆ ಬಂತು. ತೆಂಗು ಬೆಳೆದು ಬದುಕುವ ನಮ್ಮ ಜಿಲ್ಲೆಯಲ್ಲಿ ಈ ಹುಳುವಿನ ಹೆಸರು ಗೊತ್ತಿರುವವರು ಎಷ್ಟು ಮಂದಿ ಇದ್ದಾರು?

ಅಡಿಕೆ ಸಸಿಗಳ ಎಲೆಯಡಿ ಬೇಸಗೆಯ ಕೆಂಪು ನುಸಿ. ಇದೇ ನುಸಿಯನ್ನು ವಿಜ್ಞಾನಿಗಳು ಮೊದಲು ಹೆಸರಿಸಿದ್ದು 1924ರಲ್ಲಿ, ಕೊಯಮತ್ತೂರಿನ ತೆಂಗಿನಿಂದ. ನುಸಿಯ ನಡುವೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಯೊಂದು ನಡೆಯುತ್ತಿತ್ತು. ಸ್ಟೆಥೋರಸ್ ಕೆರಾಲಿಕಸ್, ಕೇರಳದ್ದೇ ಹೆಸರು ಹೊತ್ತ, ನುಸಿ ತಿಂದು ಬದುಕುವ ಗುಲಗಂಜಿ ಹುಳು. ಭೂತಗನ್ನಡಿ ಇಲ್ಲದವರಿಗೆ ಇದು ಇಲ್ಲವೆಂದೇ ಲೆಕ್ಕ. ನುಸಿಗೆ ಬಿಟ್ಟ ಮದ್ದು ಇದನ್ನು ಕೊಂದು, ನುಸಿ ಮತ್ತೆ ಇಮ್ಮಡಿಯಾಗಿ ಬರುವಾಗ ಏಕೆ ಎಂದು ಯಾರಿಗೂ ಹೊಳೆಯುವುದಿಲ್ಲ.

ಅಮೆರಿಕದ ಮಗಳ ಮಾತು

ಅವಳು ಹೇಳಿದ್ದು ಸುಳ್ಳಲ್ಲ, ಊರು ಬೇರೆ. ಅಲ್ಲಿ ಮನೆ ಹೊಕ್ಕುವುದು ಹಾರ್ಮೋನಿಯಾ ಆಕ್ಸಿರಿಡಿಸ್, ಪೂರ್ವ ಏಷ್ಯಾದ ತಂಪು ನಾಡುಗಳದ್ದು. ಅಮೆರಿಕದವರು 1916ರಿಂದಲೇ ಹೇನು ನಿಯಂತ್ರಣಕ್ಕೆಂದು ತಂದು ಬಿಡುತ್ತಿದ್ದರು. ಅದು ಅಲ್ಲಿ ನೆಲೆನಿಂತದ್ದು 1988ರಲ್ಲಿ ಕಂಡುಬಂತು. ಚಳಿಗೆ ಬಂಡೆಯ ಬಿರುಕಿನಲ್ಲಿ ಗುಂಪು ಸೇರುವ ಅಭ್ಯಾಸದ್ದು, ಬಂಡೆ ಸಿಗದಿದ್ದರೆ ಮನೆಯ ಕಿಟಕಿ ಸಂದು. ಎಣ್ಮಕಜೆಯಲ್ಲಿ ಆ ಹುಳುವೂ ಇಲ್ಲ, ಅಂಥ ಚಳಿಯೂ ಇಲ್ಲ. ರಾತ್ರಿ ಚಾವಡಿಯ ದೀಪಕ್ಕೆ ಒಂದೆರಡು ಹುಳು ಬಂದರೆ ಅದು ದೀಪದ ಆಕರ್ಷಣೆ ಮಾತ್ರ.

ಆದರೆ ಅವಳ ಆತಂಕದ ಒಳಗಿನ ತಿರುಳನ್ನು ನಾನು ಗೌರವಿಸುತ್ತೇನೆ. ಹೊರಗಿನ ಹುಳು ತಂದು ಬಿಡುವುದು ಹುಡುಗಾಟಿಕೆಯಲ್ಲ. ನ್ಯೂಯಾರ್ಕ್ ರಾಜ್ಯ 1989ರಲ್ಲಿ ಒಂಬತ್ತು ಚುಕ್ಕೆಯ ಗುಲಗಂಜಿ ಹುಳುವನ್ನು ತನ್ನ ರಾಜ್ಯ ಕೀಟವೆಂದು ಸಾರಿದಾಗ, ಆ ಹುಳು ಅಲ್ಲಿ ಕಣ್ಣಿಗೆ ಬೀಳುವುದೇ ನಿಂತುಹೋಗಿತ್ತು. ಮತ್ತೆ ಸಿಕ್ಕಿದ್ದು 2011ರಲ್ಲಿ. ಯುರೋಪಿನಿಂದ ತಂದುಬಿಟ್ಟ ಏಳು ಚುಕ್ಕೆಯ ಜಾತಿಯ ಮೇಲೆ ಹೆಚ್ಚಿನವರ ಅನುಮಾನ. 1898ರಲ್ಲಿ ಕ್ರಿಪ್ಟೊಲೀಮಸ್ ತಂದವರು ನಮ್ಮ ನಾಡಿನ ಹುಳುಗಳ ಗತಿ ಏನಾದೀತು ಎಂದು ಕೇಳಿಕೊಂಡಿರಲಿಲ್ಲ. ಈಗ ಹಾಗಲ್ಲ, ತರುವ ಮುಂಚೆ ಪರವಾನಗಿ, ಪ್ರತ್ಯೇಕವಾಗಿಟ್ಟು ಪರೀಕ್ಷೆ, ಅದು ಬೇರೆ ಏನನ್ನು ತಿಂದೀತು ಎಂಬ ವಿಚಾರಣೆ ಎಲ್ಲ ಉಂಟು. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯಿ ಹಿಟ್ಟು ತಿಗಣೆಗೆ 2010ರಲ್ಲಿ ಪೋರ್ಟೊರಿಕೊದಿಂದ ಬೆಂಗಳೂರಿಗೆ ಬಂದ ಕಣಜ ಅಂಥ ದಾರಿಯಲ್ಲಿ ಬಂದದ್ದು, ಆ ತಿಗಣೆಯನ್ನೇ ಹುಡುಕಿ ಹೋಗುವಂಥದ್ದು. ಹೊರಗಿನದ್ದು ಬೇಕೇ ಬೇಕಾದಾಗ ಅಂಥದ್ದನ್ನು ನಾನು ಒಪ್ಪುತ್ತೇನೆ.

ಮಾಡಿದ್ದು, ಆದದ್ದು

ಬದನೆಗೆ ಕೈಯೇ ಗತಿ. ಬೆಳಗ್ಗೆ ಇಬ್ಬನಿ ಆರುವ ಮುಂಚೆ ಹುಳುಗಳು ಮಂದವಾಗಿರುತ್ತವೆ. ಗಿಡದ ಬುಡಕ್ಕೆ ಅಡಿಕೆ ಹಾಳೆ ಹಿಡಿದು ಅಲುಗಿಸಿ, ಬಿದ್ದ ದೊಡ್ಡ ಹುಳುಗಳನ್ನು ಸಾಬೂನು ನೀರಿಗೆ ಹಾಕಿದರು. ಮೊಟ್ಟೆಯ ಗುಂಪನ್ನು ಬೆರಳಲ್ಲಿ ಹಿಸುಕಿದರು. ಮರಿಹುಳುಗಳನ್ನು ಮಾತ್ರ ಸಾಬೂನಿಗೆ ಹಾಕಬೇಡಿ ಎಂದಿದ್ದೆ. ಕಂದುಗಟ್ಟಿದವನ್ನೂ ಅನುಮಾನದವನ್ನೂ ಎಲೆ ಸಮೇತ ಕಿತ್ತು ದೊಡ್ಡ ಗೆರಟೆಗೆ ಹಾಕಿ, ಬಾಯಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿ ಬದನೆ ಸಾಲಿನ ನಡುವೆಯೇ ಇಟ್ಟರು. ಕಣಜ ಪರದೆಯ ಕಣ್ಣಿನಿಂದ ಹೊರಬರುತ್ತದೆ, ಎಪಿಲಾಕ್ನಾಕ್ಕೆ ಬರಲಾಗದು. ಕುದನೆಯ ಮೇಲಿನ ದೊಡ್ಡ ಹುಳುಗಳನ್ನೂ ಹೀಗೇ ಉದುರಿಸಿದರು, ಗಿಡ ಉಳಿಯಿತು. ಹಳೆಯ ಎಲೆಗಳು ಜಾಲರಿಯಾದವು ಜಾಲರಿಯಾಗಿಯೇ ಇದ್ದವು. ಹೊಸ ಎಲೆಗಳಲ್ಲಿ ಕೆರೆತ ದಿನೇದಿನೇ ಕಡಿಮೆಯಾಗಿ, ಏಪ್ರಿಲಿಗೆ ಗಿಡ ಮತ್ತೆ ಕಾಯಿ ಬಿಟ್ಟಿತು. ಅದರಲ್ಲಿ ಕಣಜದ ಪಾಲೆಷ್ಟು, ಅಕ್ಕನ ಕೈಯ ಪಾಲೆಷ್ಟು ಎಂದು ಬಿಡಿಸಿ ಹೇಳಲು ಬಾರದು. ಕಾಯಿಯೊಳಗಿನ ಹುಳದ ಬಾಧೆ ಬೇರೆಯೇ ಇತ್ತು, ಅದು ಈ ಪ್ರಕರಣಕ್ಕೆ ಸೇರಿದ್ದಲ್ಲ.

ದಾಸವಾಳದಲ್ಲಿ ಹಗ್ಗ ಬಿಚ್ಚಿ ಬೇರೆ ಕಡೆ ಕಟ್ಟಿದರು. ಗೋಡೆ ಮುಟ್ಟುವ ಕೊಂಬೆ ಕತ್ತರಿಸಿ, ಬುಡಗಳಿಗೆ ಹಳೆ ಬಟ್ಟೆಯ ಪಟ್ಟಿ ಸುತ್ತಿ ಮೇಲೆ ಗ್ರೀಸ್ ಹಚ್ಚಿದರು. ತೊಗಟೆಗೆ ನೇರ ಹಚ್ಚಿದರೆ ಗಿಡಕ್ಕೆ ಹಾನಿ. ತೀರಾ ಮುರುಟಿದ ತುದಿಗಳನ್ನು ಕಡಿದಾಗಲೂ ಸುಡಲಿಲ್ಲ, ಬೇಲಿಯ ಬುಡದಲ್ಲೇ ಒಂದೆರಡು ದಿನ ಬಿಟ್ಟರು, ಅದರೊಳಗಿನ ಬಿಳಿ ಮರಿಗಳು ಗಿಡಕ್ಕೆ ಹತ್ತಲಿ ಎಂದು. ಇರುವೆ ಸಾಲು ನಿಂತ ಮೇಲೆ ಬದಲಾವಣೆ ಬೇಗ ಬಂತು. ಮೇಣದ ಮರಿಗಳು ಎಲ್ಲ ಕವಲುಗಳಿಗೂ ಹರಡಿದವು, ತಿಗಣೆಯ ಮೊಟ್ಟೆ ಚೀಲಗಳು ಖಾಲಿಯಾಗಿ ನೇತಾಡಿದವು. ಎಪ್ರಿಲ್ ಕೊನೆಗೆ ದೇವರ ಪೂಜೆಗೆ ಹೂ ಸಿಗತೊಡಗಿತು, ಅಕ್ಕನಿಗೆ ಬೇಕಾದದ್ದು ಅದೇ. ಮೇ ತಿಂಗಳ ಅಡ್ಡ ಮಳೆ ಉಳಿದ ತಿಗಣೆಯನ್ನು ತೊಳೆಯಿತು, ಮಳೆಯ ಪಾಲನ್ನು ಹುಳುವಿನ ಲೆಕ್ಕಕ್ಕೆ ಬರೆಯಲಾರೆ.

ಅಲಸಂಡೆಗೆ ಏನೂ ಮಾಡಲಿಲ್ಲ. ತೀರಾ ಮುತ್ತಿದ ಕುಡಿಗಳನ್ನು ನೀರಿನ ಪೈಪು ಹಿಡಿದು ತೊಳೆದದ್ದು ಬಿಟ್ಟರೆ.

ತಿಗಣೆ ಖಾಲಿಯಾದ ಮೇಲೆ ಕ್ರಿಪ್ಟೊಲೀಮಸ್ ಕಾಣದಾಯಿತು. ಅದಕ್ಕೆ ಮೊಟ್ಟೆಯಿಡಲು ತಿಗಣೆಯ ಮೊಟ್ಟೆ ಚೀಲ ಬೇಕು, ಇಲ್ಲದಿದ್ದರೆ ಬೇರೆ ಕಡೆ ಹೋಗುತ್ತದೆ. ಹುಳುವನ್ನು ದುಡ್ಡು ಕೊಟ್ಟು ತರಿಸಬಹುದು ಎಂದು ಎಲ್ಲೋ ಕೇಳಿದ ಮಗ, ಮುಂದಿನ ಬೇಸಗೆಗೆ ಈಗಲೇ ತರಿಸಿಡುವ ಎಂದ. ಮದ್ದಿನ ಬಾಟಲಿ ತಂದವನೇ ಹುಳು ತರಿಸುವ ಮಾತಾಡಿದ್ದು ನನಗೆ ಸಂತೋಷವೇ, ಆದರೂ ಬೇಡ ಎಂದೆ. ತಿಗಣೆ ಇಲ್ಲದ ಬೇಲಿಗೆ ಬಿಟ್ಟ ಹುಳು ಹಾರಿಹೋಗುತ್ತದೆ, ಇರುವೆ ಇರುವ ಬೇಲಿಗೆ ಬಿಟ್ಟದ್ದು ನಿಲ್ಲುವುದಿಲ್ಲ. ಡಿಸೆಂಬರಿನಲ್ಲೇ ಹಗ್ಗ, ಕೊಂಬೆ, ಬುಡದ ಪಟ್ಟಿ ನೋಡಿಕೊಳ್ಳಬೇಕು. ಜನವರಿಗೆ ತಿಗಣೆ ಕಂಡು, ಅದರ ನಡುವೆ ಓಡುವ ಬಿಳಿ ಮರಿ ಒಂದೂ ಕಾಣದಿದ್ದರೆ ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಆವರಣದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಂದು ಕೊಂಬೆ ಒಯ್ದು ತೋರಿಸುವುದು, ತರಿಸುವ ಮಾತು ಆಮೇಲೆ. ಬಾಟಲಿಯ ಸೀಲ್ ಒಡೆದಿರಲಿಲ್ಲ, ಅಂಗಡಿಯವರು ವಾಪಸು ತೆಗೆದುಕೊಂಡು ಅದರ ಬದಲಿಗೆ ಬೇವಿನ ಹಿಂಡಿ ಕೊಟ್ಟರು.